ನಿಮಗಿದು ಗೊತ್ತೇ? ಕೆಸರಿಗಿಳಿಯುವ ಪಾದಕ್ಕೂ ಒಂದು ಸಂಘವಿದೆ

ಕಂಬಳದ ಕರೆ, ಅಡಿಕೆ ತೋಟ, ಬೀಡಿ ಕಟ್ಟುವ ಜಗಲಿ, ಯಕ್ಷಗಾನದ ರಂಗಸ್ಥಳ, ಚಾರ್ಮಾಡಿ ಇಳಿದು ಬರುವ ಪಾದಯಾತ್ರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಹೊಟ್ಟೆಪಾಡೂ ಹಬ್ಬವೂ ಪಾದವನ್ನೇ ನಂಬಿವೆ. ಆದರೆ ಡಾಕ್ಟರಿಗೆ ತೋರಿಸುವ ಮಾತು ಬಂದಾಗ ಮಂಡಿ, ಸೊಂಟ, ಭುಜ ಎಲ್ಲ ಮುಗಿದ ಮೇಲೆ ಪಾದದ ಸರದಿ. ಈ ಪಾದಕ್ಕೆಂದೇ ಶಸ್ತ್ರವೈದ್ಯರಿದ್ದಾರೆ, ಅವರಿಗೊಂದು ಸಂಘವಿದೆ, ಆ ಸಂಘಕ್ಕೊಂದು ಪತ್ರಿಕೆಯೂ ಇದೆ.

● ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಎರಡು ಪಾದ ಸೇರಿದರೆ 52 ಮೂಳೆ. ಇಡೀ ದೇಹದಲ್ಲಿರುವುದೇ 206. ಲೆಕ್ಕ ಹಾಕಿ ನೋಡಿ, ನಮ್ಮ ಮೂಳೆಗಳಲ್ಲಿ ನಾಲ್ಕರಲ್ಲೊಂದು ಪಾಲು ಹರಡಿನಿಂದ ಕೆಳಗೇ ಇದೆ.

● ನಮ್ಮ ದೇಶದ ಪಾದತಜ್ಞರ ಸಂಘದ ಹೆಸರು ಇಂಡಿಯನ್ ಫೂಟ್ ಆಂಡ್ ಆ್ಯಂಕಲ್ ಸೊಸೈಟಿ. ಸದಸ್ಯರೆಲ್ಲ ಮೊದಲು ಮೂಳೆ ಡಾಕ್ಟರುಗಳು, ಆಮೇಲೆ ಪಾದ ಮತ್ತು ಹರಡಿನ ಕಡೆ ವಾಲಿದವರು. ‘ಜರ್ನಲ್ ಆಫ್ ಫೂಟ್ ಆಂಡ್ ಆ್ಯಂಕಲ್ ಸರ್ಜರಿ (ಏಷ್ಯಾ-ಪೆಸಿಫಿಕ್)’ ಇದರ ಅಧಿಕೃತ ಪತ್ರಿಕೆ. ಇದಕ್ಕಿಂತ ಹಿರಿಯದು ಎಲ್ಲ ಮೂಳೆತಜ್ಞರನ್ನೂ ಒಳಗೊಂಡ ಭಾರತೀಯ ಮೂಳೆತಜ್ಞರ ಸಂಘ, ಹುಟ್ಟಿದ್ದು 1955ರಲ್ಲಿ. ಮಂಗಳೂರಿನ ಡಾ. ಎಂ. ಶಾಂತಾರಾಮ ಶೆಟ್ಟಿ ಆ ಸಂಘದ ಅಧ್ಯಕ್ಷರಾಗಿದ್ದವರು.

● ಇಂಥ ಸಂಘ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಡಾಕ್ಟರಿಕೆ ಮಾಡಲು ನಮ್ಮಲ್ಲಿ ಹೆಸರು ನೋಂದಾಯಿಸಬೇಕಾದ ಜಾಗ ಕರ್ನಾಟಕ ವೈದ್ಯಕೀಯ ಪರಿಷತ್ತು. ಡಾಕ್ಟರರ ನಡತೆಯ ಮೇಲೆ ದೂರಿದ್ದರೆ ಅದೂ ಅಲ್ಲಿಗೇ. ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗವಿದೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಯಾಗಿದೆ. ಹಾಗಾದರೆ ಸಂಘಕ್ಕೇನು ಕೆಲಸ? ಕಲಿಸುವುದು, ಅಳೆಯುವುದು, ತಮ್ಮತಮ್ಮಲ್ಲೇ ಜಗಳವಾಡಿ ಒಂದು ಒಪ್ಪಿತ ದಾರಿಗೆ ಬರುವುದು. ಮೂರನೆಯದೇ ರೋಗಿಗೆ ಹೆಚ್ಚು ಉಪಕಾರಿ.

● ಅಮೆರಿಕದಲ್ಲಿ ಪಾದದ ಶಸ್ತ್ರವೈದ್ಯರಿಗೆ ಒಂದಲ್ಲ, ಎರಡು ಸಂಘ. ಅಲ್ಲಿ ಪಾದಕ್ಕೆಂದೇ ಬೇರೆ ಡಾಕ್ಟರ್ ಪದವಿಯಿದೆ. ಅದನ್ನು ಓದಿದವರ ಕಾಲೇಜು 1942ರಷ್ಟು ಹಳೆಯದು. ಎಂ.ಡಿ. ಮಾಡಿ ಮೂಳೆತಜ್ಞರಾದವರು ತಮ್ಮದೇ ಸಂಘ ಕಟ್ಟಿದ್ದು 1969ರಲ್ಲಿ. ಆಗ ಅದರ ಹೆಸರಿನಲ್ಲಿ ಪಾದ ಮಾತ್ರ ಇತ್ತು, ಹರಡು ಸೇರಿದ್ದು 1983ರಲ್ಲಿ. ಒಂದೇ ಪಾದಕ್ಕೆ ಎರಡು ಮನೆತನ!

● ಈಗ ನಮ್ಮೂರಿಗೆ ಬರೋಣ. 1992ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ಇಬ್ಬರು ಮೂಳೆತಜ್ಞರು ಬ್ರಿಟನ್ನಿನ ಹೆಸರಾಂತ ಮೂಳೆವೈದ್ಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದ್ದರು. ಚಪ್ಪಲಿ ಬೂಟು ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6. ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮುಂಭಾಗ ಮುಚ್ಚಿದ ಬೂಟು ಹಾಕುವ ಮಕ್ಕಳಲ್ಲಿ, ಸ್ಯಾಂಡಲ್ಲು ಮತ್ತು ಸ್ಲಿಪ್ಪರಿನವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಎಲ್ಲರಿಗಿಂತ ಕಡಿಮೆ.

ಅಷ್ಟಕ್ಕೇ ಬಿಡಲಿಲ್ಲ. 1995ರಲ್ಲಿ ಅದೇ ಬೆಂಜಮಿನ್ ಜೋಸೆಫ್ ಇನ್ನೊಬ್ಬ ಸಹೋದ್ಯೋಗಿಯ ಜೊತೆ ಮೂಳೆ ಬೆಳವಣಿಗೆ ಮುಗಿದ 1,846 ಮಂದಿಯನ್ನು ನೋಡಿದರು. ಆರು ವರ್ಷ ತುಂಬುವ ಮೊದಲೇ ಬೂಟು ಹಾಕಿದವರಲ್ಲಿ ಚಪ್ಪಟೆ ಪಾದ ಶೇ. 3.24, ಹದಿನಾರರ ಬಳಿಕ ಹಾಕಲು ತೊಡಗಿದವರಲ್ಲಿ ಶೇ. 1.75. ಪಾದದ ಕಮಾನಿನ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಚರ್ಚೆಯಾದರೂ ಈ ಎರಡು ಲೇಖನಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಮೂಡುಬಿದಿರೆಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿಬರುವವರಿಗೆ ಈ ಸಂಗತಿ ಗೊತ್ತಿಲ್ಲದಿರುವುದು ನನಗೆ ಸೋಜಿಗ.

● ಮಗುವಿನ ಪಾದ ಚಪ್ಪಟೆಯಾಗಿದೆಯೆಂದು ಗಾಬರಿ ಬೇಡ. ಐದಾರು ವರ್ಷದವರೆಗೆ ಬಹಳ ಮಕ್ಕಳ ಪಾದ ಹಾಗೆಯೇ ಇರುತ್ತದೆ. ತುದಿಗಾಲಲ್ಲಿ ನಿಲ್ಲಿಸಿ ನೋಡಿ. ಕಮಾನು ಮೂಡಿತೇ, ನೋವಿಲ್ಲವೇ? ಹಾಗಾದರೆ ದುಬಾರಿ ಬೂಟು ಕೊಳ್ಳುವ ಮುನ್ನ ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡಿ.

● ಅಮೆರಿಕದ ಮೂಳೆತಜ್ಞರ ಪಾದಸಂಘ 356 ಹೆಂಗಸರ ಚಪ್ಪಲಿ ಸಮೀಕ್ಷೆ ಮಾಡಿ 1993ರಲ್ಲಿ ಪ್ರಕಟಿಸಿತು. ಶೇ. 88 ಮಂದಿಯ ಬೂಟು ಅವರ ಪಾದಕ್ಕಿಂತ ಚಿಕ್ಕದು. ಪಾದದಲ್ಲಿ ನೋವಿದೆ ಅಂದವರು ಶೇ. 80. ಮದುವೆಗೆಂದು ಕೊಂಡ ಚಪ್ಪಲಿ ‘ಹಾಕ್ತಾ ಹಾಕ್ತಾ ಸಡಿಲ ಆಗ್ತದೆ’ ಎಂದು ಅಂಗಡಿಯವ ಹೇಳಿದರೆ ನಂಬಬೇಡಿ. ಸಂಜೆ ಹೊತ್ತು, ಪಾದ ತುಸು ಊದಿಕೊಂಡಿರುವಾಗ ಅಳತೆ ನೋಡಿ ಕೊಳ್ಳಿ.

● ವೇಣೂರು-ಪೆರ್ಮುಡದ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ, ಬಂಟ್ವಾಳದ ಮೂಡೂರು-ಪಡೂರು. ಮೂರು ತಾಲ್ಲೂಕಿಗೂ ಹೆಸರಿರುವ ಜೋಡುಕರೆ ಕಂಬಳಗಳಿವೆ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿ 1ರಂದು ಐಕಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತ ವೇಗದ ಓಟ ತೋರಿದರು. ಗೌಡರ ಓಟವನ್ನು 100 ಮೀಟರಿಗೆ 9.55 ಎಂದು ಭಾಗಾಕಾರ ಮಾಡಿ ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟವರೆಷ್ಟೋ ಮಂದಿ. ಎಳೆಯುವ ಕೋಣಗಳನ್ನು ಮರೆತ ಲೆಕ್ಕವದು. ನನಗೆ ಬೆರಗೆನಿಸುವುದು ವೇಗವಲ್ಲ, ನೆಲ. ಕೆಸರಿನಲ್ಲಿ ಬರಿಗಾಲನ್ನು ಊರಿ, ಮರುಕ್ಷಣ ಕಿತ್ತು, ಮತ್ತೆ ಊರುವಾಗ ಹರಡಿನ ಸುತ್ತಲಿನ ಒಂದೊಂದು ಕಟ್ಟೂ ದುಡಿಯಬೇಕು.

● ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ರಜ್ಜು ದೇಹದಲ್ಲೇ ಅತ್ಯಂತ ದಪ್ಪ, ಅತ್ಯಂತ ಗಟ್ಟಿ. ಓಡುವಾಗ ಮೈಭಾರದ ಹಲವು ಪಟ್ಟು ಎಳೆತವನ್ನು ತಡೆಯುತ್ತದೆ. ಆದರೂ ಹರಿಯುತ್ತದೆ. ಹರಿದ ಕ್ಷಣ ‘ಹಿಂದಿನಿಂದ ಯಾರೋ ಒದ್ದರು’ ಎಂದು ತಿರುಗಿ ನೋಡುವವರೇ ಹೆಚ್ಚು. ಹಿಂದೆ ಯಾರೂ ಇರುವುದಿಲ್ಲ. ಪರೀಕ್ಷೆ ಸುಲಭ: ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದರೆ ಪಾದ ತಾನಾಗಿ ಕೆಳಕ್ಕೆ ಬಾಗಬೇಕು. ಬಾಗದಿದ್ದರೆ ಎಣ್ಣೆ ತಿಕ್ಕುತ್ತ ವಾರ ಕಳೆಯದೆ ಮೂಳೆ ಡಾಕ್ಟರಲ್ಲಿಗೆ ಹೋಗಿ. ತಡವಾದಷ್ಟೂ ಹರಿದ ತುದಿಗಳು ದೂರ ಸರಿಯುತ್ತವೆ.

● ಕಾಲು ಉಳುಕಿದರೆ ಎಕ್ಸ್‌ರೇ ಬೇಕೇ? ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಇದಕ್ಕೊಂದು ನಿಯಮ ಕೊಟ್ಟರು. ಹರಡಿನ ಒಳಗಂಟು ಅಥವಾ ಹೊರಗಂಟಿನ ಹಿಂದಂಚಿನ 6 ಸೆಂಟಿಮೀಟರಿನಲ್ಲಿ ಮೂಳೆ ಒತ್ತಿದರೆ ನೋವು, ಪಾದದ ಹೊರಬದಿಯ ನಡುವೆ ಉಬ್ಬಿರುವ ಮೂಳೆಯಲ್ಲಿ ನೋವು, ಒಳಬದಿಯ ಕಮಾನಿನ ಮೇಲಿನ ಮೂಳೆಯಲ್ಲಿ ನೋವು, ಇಲ್ಲವೇ ನಾಲ್ಕು ಹೆಜ್ಜೆ ಇಡಲಾಗದ ಸ್ಥಿತಿ. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ. ಒಂದೂ ಇಲ್ಲದಿದ್ದರೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಕೈಬೆರಳೇ ಯಂತ್ರ, ತಾಲ್ಲೂಕು ಆಸ್ಪತ್ರೆಗೆ ಇದಕ್ಕಿಂತ ಅಗ್ಗದ ಜ್ಞಾನ ಬೇರೆಲ್ಲಿ?

● ಪಾದದ ಅತಿ ದೊಡ್ಡ ಮೂಳೆ ಹಿಮ್ಮಡಿಯದು. ಎತ್ತರದಿಂದ ಬಿದ್ದು ಕಾಲಲ್ಲಿ ನಿಂತರೆ ಒಡೆಯುವುದೂ ಅದೇ. ಅಡಿಕೆ ಕೊಯ್ಯುವವರು, ಮದ್ದು ಬಿಡುವವರು, ತಾಳೆಮರ ಹತ್ತುವ ಮೂರ್ತೆದಾರರು ಇದನ್ನು ಬಲ್ಲರು. ಆದರೆ ಬಹಳ ಮಂದಿಗೆ ತಿಳಿಯದ ಮಾತೊಂದಿದೆ: ಹೀಗೆ ಹಿಮ್ಮಡಿ ಒಡೆದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಕಾಲಿನ ನೋವು ಬೆನ್ನಿನ ನೋವನ್ನು ಮುಚ್ಚಿಬಿಡುತ್ತದೆ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಜೀಪಿಗೆ ಎತ್ತಿ ಹಾಕಬೇಡಿ. ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ, ‘ಬೆನ್ನಿನದ್ದೂ ಎಕ್ಸ್‌ರೇ ತೆಗೆಯಿರಿ’ ಎಂದು ನೀವೇ ಕೇಳಿ.

● ಬಂಟ್ವಾಳ ತಾಲ್ಲೂಕಿನ ಸಜೀಪಮೂಡ ಗ್ರಾಮದ ಕೋಮಲೆಯ ಗಣಪತಿ ಭಟ್ಟರು ಅಡಿಕೆ ಮರ ಏರುವ ಪೆಟ್ರೋಲ್ ಬೈಕ್ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಉದ್ಯಮಿ ಆನಂದ್ ಮಹೀಂದ್ರ ಕೂಡ ಮೆಚ್ಚಿ ಹಂಚಿಕೊಂಡರು. ಮರ ಏರುವವರು ಸಿಗದ ಕಷ್ಟಕ್ಕೆ ಹುಟ್ಟಿದ ಯಂತ್ರ. ಕೂರಲು ಸೀಟು, ಹಿಡಿಯಲು ಬ್ರೇಕ್. ಹಿಮ್ಮಡಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಶಸ್ತ್ರವೈದ್ಯನೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

● ಒಡೆದ ಹಿಮ್ಮಡಿಗೆ ಆಪರೇಷನ್ ಮಾಡಲೇಬೇಕೇ? ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ಮಂದಿಯ ಮೇಲೆ ನಡೆದು 2014ರಲ್ಲಿ ಹೊರಬಂದ ಅಧ್ಯಯನ ಶಸ್ತ್ರವೈದ್ಯರ ನಂಬಿಕೆಗೇ ಪೆಟ್ಟು ಕೊಟ್ಟಿತು. ಎರಡು ವರ್ಷದ ಬಳಿಕ ಆಪರೇಷನ್ ಆದವರಿಗೂ ಆಗದವರಿಗೂ ನೋವಿನಲ್ಲಿ, ನಡಿಗೆಯಲ್ಲಿ ಗಣನೀಯ ಅಂತರವಿರಲಿಲ್ಲ. ತೊಡಕುಗಳು ಮಾತ್ರ ಆಪರೇಷನ್ ಆದವರಲ್ಲೇ ಹೆಚ್ಚು. ತೀರಾ ವಿಕಾರವಾಗಿ ಒಡೆದವರನ್ನು ಇದರಲ್ಲಿ ಸೇರಿಸಿರಲಿಲ್ಲ ಎಂಬ ಆಕ್ಷೇಪವೂ ಬಂತು. ಆ ವಾದ ಇನ್ನೂ ಮುಗಿದಿಲ್ಲ. ತಮ್ಮ ಕಸುಬಿಗೇ ಮುಳುವಾಗಬಹುದಾದ ಪ್ರಶ್ನೆಯನ್ನು ತಾವೇ ಎತ್ತಿಕೊಂಡು ವಾದಿಸುವ ಜಾಗವೇ ವೃತ್ತಿಸಂಘ. ವಾರ್ಷಿಕ ಸಮ್ಮೇಳನ ಎಂದರೆ ಹೋಟೆಲಿನ ಊಟ, ಕಂಪನಿಯ ಬ್ಯಾಗು ಅಂದುಕೊಂಡವರು ಇದನ್ನೂ ನೆನಪಿಡಲಿ. (ಊಟವೂ ಬ್ಯಾಗೂ ಇರುತ್ತವೆ, ಅದು ಬೇರೆ ಮಾತು.)

● ಪಾದಕ್ಕೂ ಅಂಕಪಟ್ಟಿಯಿದೆ. ಅಮೆರಿಕದ ಅದೇ ಮೂಳೆತಜ್ಞರ ಸಂಘ 1994ರಲ್ಲಿ ಕೊಟ್ಟ ನೂರು ಅಂಕದ ಪಟ್ಟಿಯಲ್ಲಿ ನೋವಿಗೆ 40, ಕೆಲಸಕ್ಕೆ 50, ಪಾದದ ನೇರಕ್ಕೆ 10. ಜಗತ್ತೆಲ್ಲ ಅದನ್ನು ಬಳಸಿತು. ಅದರ ಅಳತೆ ಸರಿಯಿಲ್ಲವೆಂಬ ಟೀಕೆ ಬಲವಾದಾಗ ಸಂಘವೇ 2011ರಲ್ಲಿ ಇನ್ನು ಬೇರೆ ಅಳತೆಗಳನ್ನು ಬಳಸಿರಿ ಎಂದಿತು. ಸ್ವಂತ ಕೂಸನ್ನು ಹೀಗೆ ಕೈಬಿಡುವುದು ಸಂಘಗಳಿಗೆ ಸುಲಭವಲ್ಲ.

● ಹಿಮ್ಮಡಿಯ ಮೇಲೆ ಕೂತಿರುವ ‘ಟೇಲಸ್’ ಎಂಬ ಮೂಳೆಗೆ ಒಂದೇ ಒಂದು ಮಾಂಸಖಂಡವೂ ಅಂಟಿಲ್ಲ. ಮೊದಲ ಮಹಾಯುದ್ಧದ ವಿಮಾನ ಚಾಲಕರಲ್ಲಿ ಅದು ಮುರಿಯುವುದನ್ನು ಕಂಡು ಬ್ರಿಟಿಷ್ ವೈದ್ಯ ಆಂಡರ್ಸನ್ 1919ರಲ್ಲಿ ಬರೆದರು: ವಿಮಾನ ನೆಲಕ್ಕಪ್ಪಳಿಸುವಾಗ ಕಾಲು ಪೆಡಲಿನ ಮೇಲೆ ಒತ್ತಿಕೊಂಡಿರುತ್ತಿತ್ತು. ಈಗ ವಿಮಾನ ಬೇಕಿಲ್ಲ. ಬಿ.ಸಿ. ರೋಡಿನ ಹೆದ್ದಾರಿಯಲ್ಲಿ ಗಾಬರಿಯಿಂದ ಬ್ರೇಕ್ ತುಳಿದ ಕಾರಿನವರಿಗೂ ಅದೇ ಗತಿ. ಈ ಮೂಳೆಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಮುರಿದರೆ ಒಂದು ಭಾಗ ಸತ್ತೇ ಹೋಗಬಹುದು. ಇದಕ್ಕೆ ಪಳಗಿದ ಕೈಯೇ ಬೇಕು.

● ಶಿವರಾತ್ರಿಗೆ ಚಾರ್ಮಾಡಿ ಘಾಟಿಯಿಳಿದು ಧರ್ಮಸ್ಥಳಕ್ಕೆ ನಡೆದು ಬರುವವರ ಪಾದಕ್ಕೆ ಗುಳ್ಳೆ ಏಳುವುದು ಎಲ್ಲರಿಗೂ ಗೊತ್ತು. ಗುಳ್ಳೆಯ ಚರ್ಮ ಕೀಳಬೇಡಿ, ಅದೇ ಬ್ಯಾಂಡೇಜು. ಗೊತ್ತಿಲ್ಲದ್ದು ಇನ್ನೊಂದು. ಏಟು ಬೀಳದೆ, ಬರೀ ನಡೆದೇ ಪಾದದ ಮೂಳೆ ಬಿರುಕು ಬಿಡಬಹುದು. ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ಕವಾಯತು ಮಾಡಿದ ಸೈನಿಕರ ಊದಿದ ಪಾದದ ಬಗ್ಗೆ ಬರೆದಿದ್ದರು. ಎಕ್ಸ್‌ರೇ ಕಂಡುಹಿಡಿಯಲು ಇನ್ನೂ ನಲವತ್ತು ವರ್ಷ ಬಾಕಿಯಿತ್ತು! ಎಕ್ಸ್‌ರೇಯಲ್ಲೂ ಮೊದಲ ಎರಡು ಮೂರು ವಾರ ಈ ಬಿರುಕು ಕಾಣಿಸದೆ ಹೋಗಬಹುದು. ‘ಫಿಲ್ಮಿನಲ್ಲಿ ಏನೂ ಇಲ್ಲ’ ಎಂದ ಮೇಲೂ ಬೆರಳಿನಷ್ಟು ಜಾಗದಲ್ಲಿ ನೋವು ಉಳಿದರೆ ಮತ್ತೆ ತೋರಿಸಿ. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ದಿನವೂ ಬೆವರಿಳಿಸುವ ಹುಡುಗ ಹುಡುಗಿಯರಿಗೂ ಈ ಮಾತು.

● ಬೆಳಗ್ಗೆ ಹಾಸಿಗೆಯಿಂದೆದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಚುಚ್ಚುವ ನೋವು, ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ಇಳಿತ. ಇದು ಅಂಗಾಲಿನ ಕಮಾನನ್ನು ಹಿಡಿದಿರುವ ಪಟ್ಟಿಯ ತಕರಾರು. ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದದ್ದು ಕಂಡರೆ ಅದನ್ನೇ ಅಪರಾಧಿ ಮಾಡುವುದುಂಟು. ನೋವಿಲ್ಲದವರ ಹಿಮ್ಮಡಿಯಲ್ಲೂ ಅಂಥ ಮುಳ್ಳು ಇರುತ್ತದೆ. ಬಹುಪಾಲು ಮಂದಿಗೆ ಮೀನಖಂಡ ಎಳೆಯುವ ವ್ಯಾಯಾಮ, ಮೆತ್ತನೆ ಚಪ್ಪಲಿ, ಕೆಲವು ತಿಂಗಳ ತಾಳ್ಮೆ ಸಾಕು.

● ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂತರೆ ಕಿರುಬೆರಳಿನ ಬುಡದ ಮೂಳೆ ಉಬ್ಬುವುದಕ್ಕೆ ಪಶ್ಚಿಮದಲ್ಲಿ ದರ್ಜಿಗಳ ಹೆಸರಿಟ್ಟಿದ್ದಾರೆ. ನಮ್ಮಲ್ಲಾಗಿದ್ದರೆ ಬೀಡಿ ಕಟ್ಟುವ ಅಕ್ಕಂದಿರ ಹೆಸರಿಡಬೇಕಿತ್ತು. ಕುಕ್ಕುರುಗಾಲಲ್ಲಿ ಬಹಳ ಹೊತ್ತು ಕೂತು ಅಡಿಕೆ ಹೆಕ್ಕುವವರಿಗೂ ಒಂದು ಎಚ್ಚರಿಕೆ: ಮಂಡಿಯ ಹೊರಬದಿಯ ನರ ಒತ್ತಿಹೋಗಿ ಪಾದ ಮೇಲಕ್ಕೇಳದೆ ಜೋತುಬೀಳಬಹುದು. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಿ.

● ಹುಟ್ಟುವಾಗಲೇ ಒಳಕ್ಕೆ ತಿರುಗಿದ ಪಾದವನ್ನು ದೊಡ್ಡ ಆಪರೇಷನ್ ಇಲ್ಲದೆ ನೇರ ಮಾಡಬಹುದು. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ಇಗ್ನೇಷಿಯೊ ಪೊನ್ಸೆಟಿ ಕಂಡುಕೊಂಡ ದಾರಿ ಇದು. ವಾರಕ್ಕೊಮ್ಮೆಯಂತೆ ಐದಾರು ಸಲ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್, ಬಹಳ ಮಕ್ಕಳಿಗೆ ಹಿಮ್ಮಡಿಯ ರಜ್ಜುವಿಗೊಂದು ಸಣ್ಣ ಕೊಯ್ತ, ಆಮೇಲೆ ಮೂರು ತಿಂಗಳು ಹಗಲೂ ರಾತ್ರಿ ಪಟ್ಟಿಗೆ ಜೋಡಿಸಿದ ವಿಶೇಷ ಬೂಟು, ಬಳಿಕ ನಾಲ್ಕೈದು ವರ್ಷದವರೆಗೆ ಮಲಗುವಾಗ ಮಾತ್ರ. ಅವರು ಫಲಿತಾಂಶ ಪ್ರಕಟಿಸಿದ್ದು 1963ರಲ್ಲಿ. ಶಸ್ತ್ರವೈದ್ಯ ಲೋಕ ಕಿವಿಗೊಟ್ಟದ್ದು 1995ರ ನಂತರ, ಅವರಿಂದ ಹಿಂದೆ ಚಿಕಿತ್ಸೆ ಪಡೆದ ಮಕ್ಕಳು ಮೂವತ್ತು ದಾಟಿ ಚೆನ್ನಾಗಿ ನಡೆಯುತ್ತಿದ್ದಾರೆಂದು ಗೊತ್ತಾದಾಗ. ವೃತ್ತಿಸಂಘಗಳನ್ನು ಹೊಗಳುವಾಗ ಈ ಮೂವತ್ತು ವರ್ಷದ ಕಿವುಡನ್ನೂ ಲೆಕ್ಕಕ್ಕಿಡಬೇಕು. ಪೊನ್ಸೆಟಿ ಹುಟ್ಟಿದ ಜೂನ್ 3 ಈಗ ವಿಶ್ವ ಸೊಟ್ಟಪಾದ ದಿನ.

● ಆ ಚಿಕಿತ್ಸೆಗೆ ಹಣ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ. ಆಶಾ ಕಾರ್ಯಕರ್ತೆಗೆ ಹೇಳಿ. ನಮ್ಮ ಜಿಲ್ಲಾಸ್ಪತ್ರೆ, 1848ರಷ್ಟು ಹಳೆಯದಾದ ಮಂಗಳೂರಿನ ವೆನ್ಲಾಕ್. ಹುಟ್ಟಿದ ಮೊದಲ ವಾರಗಳಲ್ಲೇ ಶುರುಮಾಡಿದರೆ ಕೆಲಸ ಸಲೀಸು. ಗ್ರಹಣದ ಹೊತ್ತು ಬಸುರಿ ಹೊರಗೆ ಬಂದದ್ದಕ್ಕೆ ಹೀಗಾಯಿತೆಂದು ತಾಯಿಯನ್ನು ದೂರುವುದು ಶುದ್ಧ ಅನ್ಯಾಯ.

● ಕೆಸರು ಗದ್ದೆಗಿಳಿಯಬಲ್ಲ, ಕುಕ್ಕುರುಗಾಲಲ್ಲಿ ಕೂರಬಲ್ಲ, ಚಪ್ಪಲಿಯಿಲ್ಲದೆ ದೇವಸ್ಥಾನಕ್ಕೆ ಹೋಗಬಲ್ಲ ಕೃತಕ ಪಾದವನ್ನು ಜಗತ್ತಿಗೆ ಕೊಟ್ಟದ್ದು ಭಾರತ. ಜೈಪುರದ ಮೂಳೆತಜ್ಞ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅದನ್ನು ರೂಪಿಸಿದ್ದು 1968ರಲ್ಲಿ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶರ್ಮರ ಹೆಸರನ್ನು ನಾವೇ ನೆನೆಯಬೇಕು.

● ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಆ ಕಾಲಕ್ಕೆ ಕುಷ್ಠದವರ ಪಾದ ತಾನಾಗಿಯೇ ಕೊಳೆಯುತ್ತದೆಂದು ಜಗತ್ತು ನಂಬಿತ್ತು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಬೇರೆಯದನ್ನು ತೋರಿಸಿದರು: ಹುಣ್ಣಾಗುವುದು ನೋವು ಗೊತ್ತಾಗದೆ ಅದೇ ಜಾಗವನ್ನು ಮತ್ತೆ ಮತ್ತೆ ತುಳಿಯುವುದರಿಂದ. ಪಾದಕ್ಕೆ ಮೈಗಂಟಿದಂತೆ ಪ್ಲಾಸ್ಟರ್ ಹಾಕಿ ಭಾರ ಹಂಚುವ ಉಪಾಯವನ್ನು ಅವರು ಆಮೇಲೆ ಅಮೆರಿಕಕ್ಕೆ ಒಯ್ದರು. ಇಂದು ಅಲ್ಲಿ ಸಕ್ಕರೆ ಕಾಯಿಲೆಯವರ ಅಂಗಾಲ ಹುಣ್ಣಿಗೆ ಅದೇ ಮದ್ದು. ಕುಷ್ಠರೋಗಿಗಳಿಂದ ಕಲಿತ ಪಾಠವನ್ನು ಶ್ರೀಮಂತ ದೇಶಗಳು ಇಂದಿಗೂ ಉಣ್ಣುತ್ತಿವೆ.

● ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿದಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡ ನೂರು ಮಂದಿಯಲ್ಲಿ ಸುಮಾರು 85 ಮಂದಿಯ ಕತೆ ಒಂದು ಹುಣ್ಣಿನಿಂದ ಶುರುವಾಗಿರುತ್ತದೆ. ಹುಣ್ಣು ತಡೆದರೆ ಕಾಲು ಉಳಿಯಿತು. ಅಂತರರಾಷ್ಟ್ರೀಯ ಪಾದತಜ್ಞರ ಕೂಟವೊಂದು ನಾಲ್ಕು ವರ್ಷಕ್ಕೊಮ್ಮೆ ಇದಕ್ಕೆ ಮಾರ್ಗಸೂಚಿ ಹೊರಡಿಸುತ್ತದೆ. ಸ್ಪರ್ಶವೂ ರಕ್ತದ ಹರಿವೂ ಸರಿಯಿದ್ದರೆ ವರ್ಷಕ್ಕೊಮ್ಮೆ ಪಾದ ಪರೀಕ್ಷೆ. ಹಿಂದೆ ಹುಣ್ಣಾದವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಬೇಕಾದ ಸಾಧನ ಒಂದು ನೈಲಾನ್ ಎಳೆ. ಅಂಗಾಲಿಗೆ ಒತ್ತಿದಾಗ ಬಾಗುವಷ್ಟು ಹತ್ತು ಗ್ರಾಂ ಭಾರಕ್ಕೆ ಅಳತೆ ಮಾಡಿದ್ದು.

● ಮಟಮಟ ಮಧ್ಯಾಹ್ನ ವೇಣೂರಿನ ಬಾಹುಬಲಿ ಮೂರ್ತಿಯ ಬಳಿಯ ಕಲ್ಲೋ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹಾಸುಗಲ್ಲೋ ಬರಿಗಾಲಿಗೆ ಸುಡುತ್ತದೆ. ಸುಡುವುದು ಒಳ್ಳೆಯದೇ, ನೀವು ಓಡಿ ನೆರಳಿಗೆ ಹೋಗುತ್ತೀರಿ. ಸಕ್ಕರೆಯಿಂದ ನರ ಸತ್ತವರು ಓಡುವುದಿಲ್ಲ. ಬೊಬ್ಬೆ ಎದ್ದದ್ದು ಗೊತ್ತಾಗುವುದು ಮನೆಗೆ ಬಂದು ಕಾಲು ತೊಳೆದಾಗ. ಅಂಥವರು ಬೆಳಗಿನ ಹೊತ್ತಿಗೇ ಹೋಗಿ, ಅನುಮತಿಯಿದ್ದಲ್ಲಿ ಹತ್ತಿಯ ಕಾಲುಚೀಲ ಹಾಕಿ. ಕಾಲು ಬೆಚ್ಚಗಾಗಲೆಂದು ಬಚ್ಚಲ ಬಿಸಿನೀರಿಗೆ ಪಾದ ಇಳಿಸುವ ಮುನ್ನ ಮೊಣಕೈಯಿಂದ ಬಿಸಿ ನೋಡಿ.

● ಇನ್ನೊಂದು ಮೋಸಗಾರ ಕಾಯಿಲೆ: ಸಕ್ಕರೆಯವರ ಒಂದೇ ಪಾದ ಕೆಂಪಾಗಿ, ಬಿಸಿಯಾಗಿ ಊದುತ್ತದೆ, ನೋವು ಅಷ್ಟಿಲ್ಲ, ಗಾಯವೂ ಇಲ್ಲ. ಕೀವೆಂದೋ ವಾತವೆಂದೋ ತಿಳಿದು ನಡೆಯುತ್ತಲೇ ಇದ್ದರೆ ಒಳಗೆ ಮೂಳೆಗಳು ಪುಡಿಯಾಗಿ ಪಾದದ ಕಮಾನೇ ಕುಸಿಯುತ್ತದೆ. ಫ್ರಾನ್ಸಿನ ವೈದ್ಯ ಶಾರ್ಕೋ 1868ರಲ್ಲಿ ವಿವರಿಸಿದ ಕೀಲಿನ ಕಾಯಿಲೆ ಇದು, ಸಕ್ಕರೆಯೊಡನೆ ನಂಟು ಗುರುತಾದದ್ದು 1936ರಲ್ಲಿ. ಭಾರ ಹಾಕದಿರುವುದೇ ಮೊದಲ ಚಿಕಿತ್ಸೆ. ಪಾದತಜ್ಞರ ಹತ್ತಿರ ತಡಮಾಡದೆ ಹೋಗಲೇಬೇಕಾದ ಕಾಯಿಲೆಗಳಲ್ಲಿ ಇದಕ್ಕೆ ಮೊದಲ ಸ್ಥಾನ.

● ನಮ್ಮ ಮೂರು ತಾಲ್ಲೂಕಿಗೂ ಪಾದದ ವಿಶೇಷ ತಜ್ಞರು ಬಂದು ಕೂರುವುದು ಸದ್ಯಕ್ಕೆ ಆಗದ ಮಾತು. ಬರಬೇಕಾದದ್ದು ಅವರ ತಿಳಿವಳಿಕೆ. ಒಟ್ಟಾವಾ ನಿಯಮ, ಹತ್ತು ಗ್ರಾಂ ಎಳೆ, ಪೊನ್ಸೆಟಿ ಪ್ಲಾಸ್ಟರ್, ಮೀನಖಂಡ ಹಿಂಡುವ ಪರೀಕ್ಷೆ ಇವ್ಯಾವುದಕ್ಕೂ ಕೋಟಿ ರೂಪಾಯಿ ಯಂತ್ರ ಬೇಡ. ಸಂಘದವರ ಸಮ್ಮೇಳನಗಳು ದೊಡ್ಡ ಊರುಗಳಲ್ಲಷ್ಟೇ ನಡೆಯದೆ, ವರ್ಷಕ್ಕೊಂದು ದಿನ ಬಂಟ್ವಾಳದ ಅಥವಾ ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ನರ್ಸು, ಆಶಾ ಅಕ್ಕಂದಿರ ಮುಂದೆ ನಡೆಯಲಿ ಎಂದು ಈ ಅಂಕಣದ ಕೋರಿಕೆ. ಕಂಬಳದ ದಿನವೇ ಆದರೆ ಇನ್ನೂ ಒಳ್ಳೆಯದು, ನೋಡಲು ಪಾದಗಳಿಗೆ ಕೊರತೆಯಿಲ್ಲ.

● ಅಲ್ಲಿಯವರೆಗೆ ನಿಮ್ಮ ಕೈಲಾಗುವುದು ಇಷ್ಟು. ಶುಗರ್ ಪರೀಕ್ಷೆಗೆ ಹೋದಾಗ ಡಾಕ್ಟರರು ಕೇಳಲಿ ಬಿಡಲಿ, ಚಪ್ಪಲಿ ಕಳಚಿ ಎರಡೂ ಅಂಗಾಲು ತೋರಿಸಿ.